ಷರಾ

ಹನ್ನೊಂದನೇ ಸಾಲು, ಹಳದಿ ಬಣ್ಣ:
ತ್ಸಿಯಾಲಾ, ಎಪ್ಪತ್ತಾರು, ಊರು ಚಿಯಾತುರಾ,
ಮೂವತ್ತೊಂದು ವರ್ಷ ತಂತಿಯ ತೊಟ್ಟಿಲಲ್ಲಿ ಕಂಡಕ್ಟರು.
ಹಳದಿ ಎಂದರೆ ಕೇಳಿದ್ದೇನೆ, ಒಪ್ಪಿಲ್ಲ.
ಹಸಿರು ಎಂದರೆ ಬರುತ್ತಾರೆ.
ಕೆಂಪು ಎಂದರೆ ಫೋನ್ ಎತ್ತಿದ್ದು ಸೊಸೆ.

ಮಾತಾಡುವವರನ್ನು ಹುಡುಕುವುದು ನನ್ನ ಕೆಲಸ,
ಹುಡುಕಿ ಒಪ್ಪಿಸುವುದು, ಒಪ್ಪಿದವರು ಮರೆಯದ ಹಾಗೆ
ಹಿಂದಿನ ಸಂಜೆ ಇನ್ನೊಮ್ಮೆ ಕರೆಯುವುದು.
ತ್ಬಿಲಿಸಿಯ ಹಳೇ ಹೊಲಿಗೆ ಕಾರ್ಖಾನೆ, ನಾಲ್ಕನೇ ಮಹಡಿ,
ಲಿಫ್ಟಿಗೆ ಚಿಲ್ಲರೆ ಹಾಕಬೇಕು,
ಅದನ್ನೂ ನಾನೇ ಇಳಿದುಹೋಗಿ ಕೊಡುತ್ತೇನೆ.

ನಾಲ್ಕು ಸಲ "ಬೇಡಮ್ಮ" ಅಂದರು.
ಐದನೇ ಸಲ ನಾನು ಪಾಡ್‌ಕಾಸ್ಟಿನ ಮಾತೆತ್ತಲಿಲ್ಲ.
ನಿಮ್ಮ ಕಡೆ ಬೀನ್ಸ್ ಕಾಳಿಗೆ ಅಕ್ರೋಟು ಅರೆದು ಹಾಕುತ್ತಾರಾ, ಕೇಳಿದೆ.
"ಹಾಕದೆ?"
ಆಮೇಲೆ ಕಟ್ಟೆ ಒಡೆಯಿತು.

ತೊಂಬತ್ತಮೂರರ ಜನವರಿ. ಕರೆಂಟು ಹೋಗಿ
ತೊಟ್ಟಿಲು ನಡುದಾರಿಯಲ್ಲಿ ನಿಂತುಬಿಟ್ಟಿತು.
ಕೆಳಗೆ ನದಿ, ಮೇಲೆ ಗಣಿ, ನಡುವೆ ಒಂಬತ್ತು ಜನ.
ಒಬ್ಬ ದೇವರನ್ನು ಬೈದ, ಒಬ್ಬ ಸರ್ಕಾರವನ್ನು,
ಒಬ್ಬಳು ತೊಡೆಯ ಮೇಲೆ ಬುಟ್ಟಿ ಅಪ್ಪಿಕೊಂಡಿದ್ದಳು.
ಕತ್ತಲಲ್ಲಿ ಕೋಳಿ ಮೊಟ್ಟೆ ಇಡುವುದಿಲ್ಲ ಅಂತಾರೆ.
ಇಟ್ಟಿತಲ್ಲ.

ಕೈಯಿಂದ ಕೈಗೆ ಹೋಯಿತಂತೆ ಆ ಬಿಸಿ ಮೊಟ್ಟೆ,
ಮರಗಟ್ಟಿದ ಒಂದೊಂದು ಅಂಗೈಗೂ ಮೂವತ್ತರ ಎಣಿಕೆ,
ಎಣಿಸುವವರು ಕಂಡಕ್ಟರು.
"ನಾಲ್ಕು ವರ್ಷದಿಂದ ಮಾತು ಬಿಟ್ಟಿದ್ದ ನಾದಿನಿ
ಪಕ್ಕದಲ್ಲೇ ಕೂತಿದ್ದಳು ಕಣೆ.
ಇಪ್ಪತ್ತಕ್ಕೇ ನನ್ನ ಕೈಗೆ ಕೊಟ್ಟುಬಿಟ್ಟಳು."

ಆಗ ನಾನು ಅಂದೆ, ನಾನಲ್ಲ, ನನ್ನ ಕಸುಬು ಅಂದಿತು:
"ಸಾಕು ಅಜ್ಜಿ, ಇದನ್ನು ಉಳಿಸಿಡಿ,
ಗುರುವಾರ ಮೈಕಿನ ಮುಂದೆ ಹೀಗೇ ಹೇಳಿ."
ಆ ಕಡೆ ಸೌಟಿನ ಸದ್ದು ನಿಂತಿತು.
"ಹೀಗೇ ಅಂದರೆ ಹೇಗೆ?"

ಸಾಲು ಹಸಿರಾಯಿತು.
ಬಳೆ ಬೇಡ, ಗಂಜಿ ಹಾಕಿದ ಕಾಲರು ಬೇಡ,
ತಲೆಯಾಡಿಸಿದರೆ ಕೇಳಿಸದು, ಹೂಂ ಅನ್ನಿ,
ಬೆಳಿಗ್ಗೆ ಚೀಸು ಬೇಡ, ಗಂಟಲು ಅಂಟುತ್ತದೆ,
ಹುಳಿ ಸೇಬು ಅರ್ಧ ತಿನ್ನಿ, ಬಾಯಿಯ ಚಪಚಪ ಹೋಗುತ್ತದೆ.
ತಪ್ಪಿದರೆ ಉಸಿರೆಳೆದು ಮೊದಲಿಂದ ಹೇಳಿ,
ಕತ್ತರಿಸಿ ಜೋಡಿಸುತ್ತೇವೆ, ಯಾರಿಗೂ ತಿಳಿಯದು.
"ಯಾರಿಗೂ?" ಎಂದು ಕೇಳಿದರು.

ಗುರುವಾರ ಮೊದಲ ವ್ಯಾನಿಗೇ ಬಂದಿಳಿದರು,
ಕರವಸ್ತ್ರದಲ್ಲಿ ಪೂರ್ತಿ ಸೇಬು.
ಅರ್ಧ ಕೊಯ್ದು ನನಗೆ ಕೊಟ್ಟರು.
ಗಾಜಿನಾಚೆ ಅವರು, ಎದುರಿಗೆ ನಮ್ಮ ಬಾದ್ರಿ,
ಈಚೆ ನಾನು, ಬಾಯಲ್ಲಿ ಹುಳಿ.
ನಾನು ಬರೆದುಕೊಟ್ಟ ಏಳನೇ ಪ್ರಶ್ನೆಯನ್ನು
ಬಾದ್ರಿ ಮೆತ್ತಗೆ ಇಟ್ಟ, ಅದು ಅವನಿಗೆ ಬರುತ್ತದೆ:
"ಆ ರಾತ್ರಿ ಏನಾಯಿತು?"

"ಕರೆಂಟು ಹೋಯಿತು."
ಪರದೆಯ ಮೇಲಿನ ಅಲೆ ಮಲಗಿ ಗೆರೆಯಾಯಿತು.
"ಆಮೇಲೆ ಬಂತು."
ಬೆರಳು ಗಾಜಿನ ಕಡೆ, ನನ್ನ ಕಡೆ:
"ಮಿಕ್ಕಿದ್ದು ಆ ಹುಡುಗಿಗೆ ಹೇಳಿಯಾಗಿದೆ."

ಗುಂಡಿಯ ಮೇಲೆ ನನ್ನ ಬೆರಳಿತ್ತು.
ಒತ್ತಿದ್ದರೆ ಅವರ ಹೆಡ್‌ಫೋನಿನಲ್ಲಿ ನನ್ನ ದನಿ:
ಮೊಟ್ಟೆ, ಅಜ್ಜಿ, ಮೊಟ್ಟೆ.
ಮೂವತ್ತರವರೆಗೆ ಎಣಿಸೋಣ ಎಂದುಕೊಂಡೆ.
ಇಪ್ಪತ್ತಕ್ಕೇ ಬಾದ್ರಿ ಎಂಟನೆಯದಕ್ಕೆ ಹೋಗಿದ್ದ.

ಸಂಚಿಕೆ ಚೆನ್ನಾಗಿದೆ ಅಂತಾರೆ. ನಲವತ್ತೆರಡು ನಿಮಿಷ,
ಧೂಳು, ಪಿಂಚಣಿ, ಹೊಸ ತಂತಿ, ಎರಡು ಕಡೆ ನಗು.
ನನ್ನ ಹಾಳೆಯ ಕೊನೆಯ ಕಲಮು ಷರಾ.
"ಮೊಟ್ಟೆ ಬರಲಿಲ್ಲ" ಎಂದು ಬರೆದು
ಅಳಿಸಿ
ಖಾಲಿ ಬಿಟ್ಟಿದ್ದೇನೆ.

ಹನ್ನೆರಡನೇ ಸಾಲು, ಹಳದಿ:
ಕುತೈಸಿಯ ಒಬ್ಬ ಪಿಯಾನೋ ರಿಪೇರಿಯವರು.
ಫೋನ್ ಎತ್ತಿದರು. ಹಿಂದೆ ಎಲ್ಲೋ ನಲ್ಲಿ ಸುರಿಯುತ್ತಿದೆ,
ಯಾರೋ ಕೆಮ್ಮುತ್ತಿದ್ದಾರೆ, ಅವರು ಆಗಲೇ ಏನೋ ಶುರುಮಾಡಿದ್ದಾರೆ.
ನಲ್ಲಿ ನಿಲ್ಲಿಸಿ ಬನ್ನಿ ಅನ್ನಲಿಲ್ಲ ನಾನು.